ಎಡಿಟಿಂಗ್ ಮಾಡುವಾಗ ಪ್ರಿವ್ಯೂ ನಿಂತು ನಿಂತು ಓಡುತ್ತಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆ ಈಗ ಮದುವೆ ವಿಡಿಯೋ ಮಾಡುವವರು, ಯಕ್ಷಗಾನ ರೆಕಾರ್ಡ್ ಮಾಡುವವರು, ಅಡಿಕೆ ತೋಟದ ಕೆಲಸ ತೋರಿಸುವ ಯೂಟ್ಯೂಬ್ ಚಾನೆಲ್‌ನವರು ತುಂಬಾ ಜನ ಇದ್ದಾರೆ. ಹೆಚ್ಚಿನವರು ಎಡಿಟಿಂಗ್ ಕಲಿತಿದ್ದು ಒಬ್ಬರನ್ನು ನೋಡಿ ಒಬ್ಬರು. ಅವರೆಲ್ಲರ ದೂರು ಒಂದೇ. ಪ್ಲೇ ಒತ್ತಿದರೆ ಧ್ವನಿ ಮುಂದೆ ಹೋಗುತ್ತದೆ, ಚಿತ್ರ ಹಿಂದೆ ಉಳಿಯುತ್ತದೆ. ಎಲ್ಲಿ ಕಟ್ ಮಾಡಬೇಕು ಅಂತಲೇ ತಿಳಿಯುವುದಿಲ್ಲ. ಇದಕ್ಕೆ ಹೊಸ ಕಂಪ್ಯೂಟರೇ ಮದ್ದು ಅಂದುಕೊಂಡು ಸಾಲಕ್ಕೆ ಓಡಾಡುವವರಿದ್ದಾರೆ. ಅಂಥವರು ಮೊದಲು ಇದನ್ನು ಓದಲಿ. ಹೆಚ್ಚಿನ ಸಲ ಹೊಸ ಯಂತ್ರ ಬೇಕಾಗುವುದಿಲ್ಲ.

ಟೈಮ್‌ಲೈನ್‌ನಲ್ಲಿ (ಕ್ಲಿಪ್‌ಗಳನ್ನು ಜೋಡಿಸುವ ಪಟ್ಟಿಯಲ್ಲಿ) ಲ್ಯಾಗ್ ಆದರೆ ಫೈನಲ್ ವಿಡಿಯೋ ಕೂಡ ಹಾಗೇ ಬರುತ್ತಾ?

ಇಲ್ಲ. ಎಕ್ಸ್‌ಪೋರ್ಟ್ ಮಾಡುವಾಗ, ಅಂದರೆ ಫೈನಲ್ ಫೈಲ್ ತೆಗೆಯುವಾಗ, ಆ್ಯಪ್‌ಗೆ ಅವಸರ ಇರುವುದಿಲ್ಲ. ಒಂದು ಫ್ರೇಮ್‌ಗೆ (ವಿಡಿಯೋದ ಒಂದು ಬಿಡಿ ಚಿತ್ರಕ್ಕೆ) ಎರಡು ಸೆಕೆಂಡ್ ಹಿಡಿದರೂ ಅದು ಪೂರ್ತಿ ಮಾಡಿಯೇ ಮುಂದಿನದಕ್ಕೆ ಹೋಗುತ್ತದೆ. ಪ್ರಿವ್ಯೂನಲ್ಲಿ ಹಾಗಲ್ಲ. ಸೆಕೆಂಡಿಗೆ 25 ಫ್ರೇಮ್‌ನ ವಿಡಿಯೋ ಆದರೆ ಒಂದೊಂದು ಫ್ರೇಮ್‌ಗೆ ಸಿಗುವುದು ಬರೀ 40 ಮಿಲಿಸೆಕೆಂಡ್. ಅಷ್ಟರಲ್ಲಿ ಆಗದಿದ್ದರೆ ಆ ಫ್ರೇಮ್ ಬಿಟ್ಟು ಮುಂದೆ ಹಾರುತ್ತದೆ. ನಮ್ಮ ಕಣ್ಣಿಗೆ ಕಾಣುವುದು ಆ ಹಾರಾಟ.

ಎಕ್ಸ್‌ಪೋರ್ಟ್ ಆದ ವಿಡಿಯೋ ಕೂಡ ಕುಲುಕುತ್ತಿದ್ದರೆ ಕಾರಣ ಬೇರೆ. ಸಾಮಾನ್ಯವಾಗಿ ಫ್ರೇಮ್ ರೇಟ್ ಹೊಂದಿಕೆಯಾಗಿರುವುದಿಲ್ಲ. ಅದನ್ನು ಮುಂದೆ ಹೇಳಿದ್ದೇನೆ.

ಅದೇ ಫೈಲ್ ವಿಎಲ್‌ಸಿ ಪ್ಲೇಯರ್‌ನಲ್ಲಿ ನೀಟಾಗಿ ಓಡುತ್ತದೆ. ಎಡಿಟಿಂಗ್ ಆ್ಯಪ್‌ನಲ್ಲಿ ಮಾತ್ರ ಯಾಕೆ ಹೀಗೆ?

ಈ ಪ್ರಶ್ನೆಗೆ ಉತ್ತರ ಗೊತ್ತಾದರೆ ಉಳಿದಿದ್ದೆಲ್ಲ ಸಲೀಸು. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಫೋನ್, ಡ್ರೋನ್, ಕ್ಯಾಮೆರಾಗಳು ಹೆಚ್ಚಾಗಿ ಎಚ್.264 ಇಲ್ಲವೇ ಎಚ್.265 ಎಂಬ ಕೋಡೆಕ್‌ನಲ್ಲಿ (ವಿಡಿಯೋವನ್ನು ಕುಗ್ಗಿಸಿ ಬರೆಯುವ ವಿಧಾನದಲ್ಲಿ) ರೆಕಾರ್ಡ್ ಮಾಡುತ್ತವೆ. ಮೊದಲನೆಯದು ಬಂದಿದ್ದು 2003ರಲ್ಲಿ, ಎರಡನೆಯದು 2013ರಲ್ಲಿ. ಎರಡರ ಗುರಿಯೂ ಫೈಲ್ ಸಣ್ಣದು ಮಾಡುವುದು. ಅದಕ್ಕಾಗಿ ಅವು ಎಲ್ಲ ಫ್ರೇಮ್‌ಗಳನ್ನೂ ಪೂರ್ತಿ ಬರೆದಿಡುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ತಿ ಚಿತ್ರ ಇಡುತ್ತವೆ. ನಡುವಿನ ಫ್ರೇಮ್‌ಗಳಲ್ಲಿ ಹಿಂದಿನದಕ್ಕೂ ಮುಂದಿನದಕ್ಕೂ ಏನು ಬದಲಾಯಿತು ಅನ್ನುವುದನ್ನಷ್ಟೇ ಬರೆದಿರುತ್ತವೆ.

ವಿಎಲ್‌ಸಿ ಒಂದೇ ಫೈಲನ್ನು ಮೊದಲಿನಿಂದ ಕೊನೆಗೆ ನೇರವಾಗಿ ಓಡಿಸುತ್ತದೆ. ಹಾಗಾಗಿ ಅದಕ್ಕೆ ಇದು ಕಷ್ಟವಲ್ಲ. ನಾವು ಟೈಮ್‌ಲೈನ್‌ನಲ್ಲಿ ಏನು ಮಾಡುತ್ತೇವೆ? ನಡುವೆ ಎಲ್ಲೋ ಕ್ಲಿಕ್ ಮಾಡುತ್ತೇವೆ. ಹಿಂದೆ ಎಳೆಯುತ್ತೇವೆ. ಪ್ರತಿ ಸಲವೂ ಆ್ಯಪ್ ಹಿಂದಿನ ಪೂರ್ತಿ ಚಿತ್ರ ಎಲ್ಲಿದೆ ಅಂತ ಹುಡುಕಿ, ಅಲ್ಲಿಂದ ಲೆಕ್ಕ ಹಾಕುತ್ತಾ ನಮಗೆ ಬೇಕಾದ ಫ್ರೇಮ್ ತಲುಪಬೇಕು. ಅದರ ಮೇಲೆ ಕಲರ್, ಟೈಟಲ್, ಇನ್ನೊಂದು ಕ್ಯಾಮೆರಾದ ವಿಡಿಯೋ ಬೇರೆ. 4ಕೆ ಅಂದರೆ ಒಂದು ಫ್ರೇಮ್‌ನಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್, ಫುಲ್ ಎಚ್‌ಡಿಯ ನಾಲ್ಕು ಪಟ್ಟು. ಫೈಲ್ ಸಣ್ಣದಿದೆ, ಆದರೂ ಯಾಕೆ ಸಿಕ್ಕಿಕೊಳ್ಳುತ್ತದೆ ಅಂತ ಕೇಳುವವರಿಗೆ ಉತ್ತರ ಇದೇ. ಸಣ್ಣದು ಮಾಡಿದ್ದಕ್ಕೇ ಬಿಚ್ಚುವ ಕೆಲಸ ಜಾಸ್ತಿಯಾಗಿದೆ.

ನನ್ನ ಕಂಪ್ಯೂಟರ್‌ನಲ್ಲಿ ಎಲ್ಲಿ ತಡೆಯಾಗುತ್ತಿದೆ ಅಂತ ಕಂಡುಹಿಡಿಯುವುದು ಹೇಗೆ?

ಮೊದಲು ಒಂದು ಪರೀಕ್ಷೆ. ಟೈಮ್‌ಲೈನ್‌ನಲ್ಲಿ ಒಂದೇ ಒಂದು ಕ್ಲಿಪ್ ಹಾಕಿ. ಎಫೆಕ್ಟ್ ಬೇಡ, ಟೈಟಲ್ ಬೇಡ. ಪ್ಲೇ ಮಾಡಿ. ಆಗಲೂ ಸ್ಟಕ್ ಆದರೆ ತೊಂದರೆ ಕೋಡೆಕ್‌ನಲ್ಲಿ ಅಥವಾ ಡಿಸ್ಕ್‌ನಲ್ಲಿ. ಸಲೀಸಾಗಿ ಓಡಿದರೆ ತೊಂದರೆ ನೀವು ಹಾಕಿದ ಎಫೆಕ್ಟ್‌ಗಳಲ್ಲಿ.

ಆಮೇಲೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್ ನೋಡಿ. ಪ್ಲೇ ಆಗುತ್ತಿರುವಾಗಲೇ ನೋಡಬೇಕು. ಜಿಪಿಯು (ಗ್ರಾಫಿಕ್ಸ್ ಚಿಪ್) ಪುಟದಲ್ಲಿ ವಿಡಿಯೋ ಡಿಕೋಡ್ ಎಂಬ ಚಿಕ್ಕ ಗ್ರಾಫ್ ಸಿಗುತ್ತದೆ. ಅದು ಏಳುತ್ತಿದ್ದರೆ ವಿಡಿಯೋ ಬಿಚ್ಚುವ ಕೆಲಸ ಅದಕ್ಕಾಗಿಯೇ ಇರುವ ಚಿಪ್‌ನಲ್ಲಿ ನಡೆಯುತ್ತಿದೆ. ಅದು ಸೊನ್ನೆಯಲ್ಲೇ ಮಲಗಿದ್ದು ಸಿಪಿಯು ನೂರರ ಹತ್ತಿರ ಇದ್ದರೆ ಎಲ್ಲ ಭಾರ ಪ್ರೊಸೆಸರ್ ಮೇಲೆ ಬಿದ್ದಿದೆ. ಆಗ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಆನ್ ಇದೆಯಾ ನೋಡಿ. ಡ್ರೈವರ್ ಹಳೆಯದಾಗಿದ್ದರೆ ಅಪ್‌ಡೇಟ್ ಮಾಡಿ. ಎನ್‌ವಿಡಿಯಾ ಕಾರ್ಡ್ ಇದ್ದವರಿಗೆ ಗೇಮ್ ರೆಡಿ ಬದಲು ಸ್ಟುಡಿಯೋ ಡ್ರೈವರ್ ಒಳ್ಳೆಯದು.

ಡಿಸ್ಕ್ ನೂರರಲ್ಲಿ ನಿಂತಿದ್ದರೆ ಅದೇ ಕಾರಣ. ಮೆಮೊರಿ ತುಂಬಿದ್ದರೆ ಬ್ರೌಸರ್ ಮುಚ್ಚಿ. 8 ಜಿಬಿ ರ್‍ಯಾಮ್‌ನಲ್ಲಿ ಕ್ರೋಮ್ ಮತ್ತು ಎಡಿಟಿಂಗ್ ಆ್ಯಪ್ ಒಟ್ಟಿಗೆ ಬಾಳುವುದು ಕಷ್ಟ.

ಇವತ್ತೇ ಕೊಡಬೇಕಾದ ಕೆಲಸ ಇದೆ. ತಕ್ಷಣಕ್ಕೆ ಏನು ಮಾಡಲಿ?

ಪ್ರಿವ್ಯೂ ರೆಸಲ್ಯೂಷನ್ ಇಳಿಸಿ. ಪ್ರೀಮಿಯರ್ ಪ್ರೊದಲ್ಲಿ ಪ್ರೋಗ್ರಾಂ ಮಾನಿಟರ್ ಕೆಳಗೇ ಫುಲ್, 1/2, 1/4 ಅಂತ ಆಯ್ಕೆ ಇದೆ. ಡಾವಿಂಚಿ ರಿಸಾಲ್ವ್‌ನಲ್ಲಿ ಪ್ಲೇಬ್ಯಾಕ್ ಮೆನುವಿನಲ್ಲಿ ಹಾಫ್, ಕ್ವಾರ್ಟರ್ ಸಿಗುತ್ತದೆ. ಶಾಟ್‌ಕಟ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಪ್ರಿವ್ಯೂ ಸ್ಕೇಲಿಂಗ್ ಅಂತ ಇದೆ. ಅಲ್ಲಿ 360 ಅಥವಾ 540 ಆರಿಸಿ. ಇದರಿಂದ ಫೈನಲ್ ಕ್ವಾಲಿಟಿಗೆ ಏನೂ ಆಗುವುದಿಲ್ಲ. ಕಟ್ ಮಾಡುವಾಗ ಕಣ್ಣಿಗೆ ಬೇಕಾಗಿರುವುದು ಯಾರು ಯಾವಾಗ ತಿರುಗಿದರು, ಧಾರೆ ಎರೆಯುವುದು ಯಾವ ಕ್ಷಣಕ್ಕೆ ಶುರುವಾಯಿತು ಅನ್ನುವುದು. ಸೀರೆಯ ಜರಿ ಅಲ್ಲ.

ಇದು ಎಫೆಕ್ಟ್ ಭಾರಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಕೋಡೆಕ್ ಭಾರಕ್ಕೆ ಅಷ್ಟಾಗಿ ಇಲ್ಲ. ಯಾಕೆಂದರೆ ಚಿತ್ರವನ್ನು ಸಣ್ಣದಾಗಿ ತೋರಿಸುವ ಮೊದಲು 4ಕೆ ಫ್ರೇಮನ್ನು ಬಿಚ್ಚಲೇಬೇಕಲ್ಲ. ಅದಕ್ಕೆ ಬೇಕಾಗಿರುವುದು ಪ್ರಾಕ್ಸಿ.

ಪ್ರಾಕ್ಸಿ ಅಂದರೆ ಏನು? ಮಾಡುವುದು ಹೇಗೆ?

ಮೂಲ ಫೈಲ್‌ನ ಹಗುರವಾದ ಪ್ರತಿ. ನೀವು ಎಡಿಟ್ ಮಾಡುವುದು ಆ ಪ್ರತಿಯ ಮೇಲೆ. ಎಕ್ಸ್‌ಪೋರ್ಟ್ ಮಾಡುವಾಗ ಆ್ಯಪ್ ಮೂಲ ಫೈಲನ್ನೇ ತೆಗೆದುಕೊಳ್ಳುತ್ತದೆ. ನನ್ನ ಮಟ್ಟಿಗೆ ಈ ಪಟ್ಟಿಯಲ್ಲಿ ಒಂದೇ ಒಂದು ವಿಷಯ ಕಲಿಯಿರಿ ಅಂದರೆ ಇದನ್ನೇ ಹೇಳುತ್ತೇನೆ. ದೊಡ್ಡ ಸ್ಟುಡಿಯೋಗಳಲ್ಲೂ ಕೆಲಸ ನಡೆಯುವುದು ಹೀಗೆಯೇ. ಹಳೆಯ ಲ್ಯಾಪ್‌ಟಾಪ್ ಇದ್ದವರು ಮಾಡುವ ಅಡ್ಡದಾರಿ ಅಂತ ಯಾರೂ ಅಂದುಕೊಳ್ಳಬೇಡಿ.

ರಿಸಾಲ್ವ್‌ನಲ್ಲಿ ಮೀಡಿಯಾ ಪೂಲ್‌ನಲ್ಲಿ ಕ್ಲಿಪ್‌ಗಳನ್ನು ಆರಿಸಿ, ರೈಟ್ ಕ್ಲಿಕ್ ಮಾಡಿ, ಜನರೇಟ್ ಪ್ರಾಕ್ಸಿ ಮೀಡಿಯಾ ಒತ್ತಿ. ಪ್ರೀಮಿಯರ್‌ನಲ್ಲಿ ಪ್ರಾಜೆಕ್ಟ್ ಪ್ಯಾನೆಲ್‌ನಲ್ಲಿ ರೈಟ್ ಕ್ಲಿಕ್, ಪ್ರಾಕ್ಸಿ, ಕ್ರಿಯೇಟ್ ಪ್ರಾಕ್ಸೀಸ್. ಆಮೇಲೆ ಟಾಗಲ್ ಪ್ರಾಕ್ಸೀಸ್ ಬಟನ್ ಅನ್ನು ಮಾನಿಟರ್ ಕೆಳಗೆ ತಂದಿಟ್ಟುಕೊಳ್ಳಿ. ಅದು ನೀಲಿಯಾಗಿದ್ದರೆ ಪ್ರಾಕ್ಸಿ ಓಡುತ್ತಿದೆ. ಹಣ ಕೊಡದೆ ಸಿಗುವ ಕೆಡೆನ್‌ಲೈವ್‌ನಲ್ಲಿ ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಕ್ಸಿ ಕ್ಲಿಪ್ ಆರಿಸಿದರೆ ಸಾಕು. ಶಾಟ್‌ಕಟ್‌ನಲ್ಲಿ ಸೆಟ್ಟಿಂಗ್ಸ್‌ನಲ್ಲಿ ಯೂಸ್ ಪ್ರಾಕ್ಸಿ.

ಯಾವ ಫಾರ್ಮ್ಯಾಟ್? ಪ್ರೋರೆಸ್ ಪ್ರಾಕ್ಸಿ ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ಎಲ್‌ಬಿ ಆರಿಸಿ. ಇವುಗಳಲ್ಲಿ ಪ್ರತಿ ಫ್ರೇಮೂ ಪೂರ್ತಿ ಚಿತ್ರ. ಹಿಂದೆ ಮುಂದೆ ಎಳೆದಾಡಿದರೂ ಲೆಕ್ಕ ಹಾಕುವ ಕೆಲಸ ಇಲ್ಲ. ಜಾಗ ಎಷ್ಟು ಬೇಕು ಅಂತ ಕೇಳುತ್ತೀರಿ. ಫುಲ್ ಎಚ್‌ಡಿ, 25 ಫ್ರೇಮ್‌ನ ಪ್ರೋರೆಸ್ ಪ್ರಾಕ್ಸಿ ಸೆಕೆಂಡಿಗೆ ಸುಮಾರು 38 ಮೆಗಾಬಿಟ್. ಅಂದರೆ ಒಂದು ಗಂಟೆಯ ವಿಡಿಯೋಗೆ ಹತ್ತಿರ ಹತ್ತಿರ 17 ಜಿಬಿ. ಕ್ಯಾಮೆರಾದ 100 ಮೆಗಾಬಿಟ್‌ನ 4ಕೆ ಫೈಲ್ ಗಂಟೆಗೆ 45 ಜಿಬಿ ಆಗುತ್ತದೆ. ಹೋಲಿಸಿ ನೋಡಿ. ಜಾಗ ಕಡಿಮೆ ಇದ್ದರೆ 720ಕ್ಕೆ ಇಳಿಸಿ.

ಪ್ರಾಕ್ಸಿ ತಯಾರಾಗಲು ಹೊತ್ತು ಹಿಡಿಯುತ್ತದೆ, ನಿಜ. ರಾತ್ರಿ ಊಟಕ್ಕೆ ಏಳುವ ಮೊದಲು ಹಾಕಿಬಿಡಿ. ಬೆಳಿಗ್ಗೆ ಟೈಮ್‌ಲೈನ್ ಸಲೀಸಾಗಿ ಓಡುತ್ತದೆ. ಇನ್ನೊಂದು ಎಚ್ಚರಿಕೆ: ಪ್ರಾಕ್ಸಿಯನ್ನು ಬೇರೆ ಸಾಫ್ಟ್‌ವೇರ್‌ನಲ್ಲಿ ಮಾಡಿಕೊಂಡು ಬಂದರೆ ಫೈಲ್ ಹೆಸರು, ಫ್ರೇಮ್ ರೇಟ್, ಆಡಿಯೋ ಚಾನೆಲ್‌ಗಳ ಸಂಖ್ಯೆ ಮೂಲದಂತೆಯೇ ಇರಬೇಕು. ಇಲ್ಲದಿದ್ದರೆ ಜೋಡಣೆ ಆಗುವುದಿಲ್ಲ.

ಮರೆತು ಪ್ರಾಕ್ಸಿಯಿಂದಲೇ ಎಕ್ಸ್‌ಪೋರ್ಟ್ ಆಗಿಬಿಟ್ಟರೆ?

ನೀವಾಗಿ ಟಿಕ್ ಹಾಕದಿದ್ದರೆ ಹಾಗಾಗುವುದಿಲ್ಲ. ರಿಸಾಲ್ವ್‌ನ ಡೆಲಿವರ್ ಪುಟದಲ್ಲಿ ಯೂಸ್ ಪ್ರಾಕ್ಸಿ ಮೀಡಿಯಾ ಎಂಬ ಬಾಕ್ಸ್ ಇದೆ. ಅದು ಖಾಲಿ ಇರಲಿ. ಆದರೆ ಮೂಲ ಫೈಲ್ ಇರುವ ಡ್ರೈವ್ ಜೋಡಿಸಿರಲೇಬೇಕು, ಅದನ್ನು ಮರೆಯಬೇಡಿ.

ರಾತ್ರಿಯ ಯಕ್ಷಗಾನದ ವಿಡಿಯೋ. ನಾಯ್ಸ್ ರಿಡಕ್ಷನ್ ಹಾಕಿದ ಮೇಲೆ ಪ್ರಿವ್ಯೂ ಪೂರ್ತಿ ನಿಂತೇ ಹೋಗುತ್ತದೆ. ಪ್ರಾಕ್ಸಿ ಮಾಡಿದರೂ ಅಷ್ಟೇ.

ಇದು ನಮ್ಮ ಕಡೆ ತುಂಬಾ ಕೇಳುವ ಪ್ರಶ್ನೆ. ರಂಗಸ್ಥಳದಲ್ಲಿ ಬೆಳಕು ಕಡಿಮೆ. ವೇಷದ ಮೇಲೆ ಮಾತ್ರ ಲೈಟು, ಸುತ್ತ ಕತ್ತಲು. ಐಎಸ್‌ಒ (ಕ್ಯಾಮೆರಾದ ಬೆಳಕಿನ ಸೂಕ್ಷ್ಮತೆ) ಏರಿಸಿದ್ದರಿಂದ ಕತ್ತಲಿನಲ್ಲೆಲ್ಲ ಕಾಳು ಕಾಳು. ಅದನ್ನು ತೆಗೆಯಲು ನಾಯ್ಸ್ ರಿಡಕ್ಷನ್ ಹಾಕುತ್ತೀರಿ. ಎಡಿಟಿಂಗ್‌ನಲ್ಲಿ ಇದಕ್ಕಿಂತ ಭಾರದ ಎಫೆಕ್ಟ್ ಕಡಿಮೆ. ಟೆಂಪೊರಲ್ ನಾಯ್ಸ್ ರಿಡಕ್ಷನ್ ಒಂದು ಫ್ರೇಮ್ ಸರಿ ಮಾಡಲು ಅಕ್ಕಪಕ್ಕದ ಹಲವು ಫ್ರೇಮ್‌ಗಳನ್ನೂ ನೋಡುತ್ತದೆ. ಯಾವ ಒಳ್ಳೆಯ ಕಂಪ್ಯೂಟರ್‌ನಲ್ಲೂ ಅದು ನೇರವಾಗಿ ಓಡುತ್ತದೆ ಅಂತ ನಿರೀಕ್ಷಿಸಬೇಡಿ.

ಮೊದಲನೆಯದಾಗಿ, ಕಟಿಂಗ್ ಮುಗಿಯುವ ತನಕ ಅದನ್ನು ಹಾಕಲೇಬೇಡಿ. ಇಡೀ ರಾತ್ರಿಯ ಪ್ರಸಂಗದಲ್ಲಿ ನೀವು ಕೊನೆಗೆ ಉಳಿಸಿಕೊಳ್ಳುವುದು ಎಷ್ಟು? ಬಿಸಾಡುವ ಭಾಗಕ್ಕೆ ಯಾಕೆ ಎಫೆಕ್ಟ್? ಒಡ್ಡೋಲಗ, ಯುದ್ಧದ ಕುಣಿತ, ಭಾಗವತರ ಪದ ಎಲ್ಲ ಕೂರಿಸಿ, ಸಿಂಕ್ ನೋಡಿ, ಆಮೇಲೆ ಹಾಕಿ. ಈಗಾಗಲೇ ಹಾಕಿದ್ದರೆ ತಾತ್ಕಾಲಿಕವಾಗಿ ಆಫ್ ಮಾಡಿ. ರಿಸಾಲ್ವ್‌ನಲ್ಲಿ ಬೈಪಾಸ್ ಒತ್ತಿದರೆ ಕಲರ್ ಮತ್ತು ಎಫೆಕ್ಟ್ ಎಲ್ಲ ಒಟ್ಟಿಗೆ ಆಫ್ ಆಗುತ್ತದೆ. ಪ್ರೀಮಿಯರ್‌ನಲ್ಲಿ ಗ್ಲೋಬಲ್ ಎಫ್‌ಎಕ್ಸ್ ಮ್ಯೂಟ್ ಇದೆ.

ಎಫೆಕ್ಟ್ ಹಾಕಿದ ಮೇಲೂ ಪ್ಲೇ ಮಾಡಿ ನೋಡಲೇಬೇಕು ಅಂದರೆ ಆ ಭಾಗವನ್ನು ಮೊದಲೇ ರೆಂಡರ್ ಮಾಡಿಸಿಕೊಳ್ಳಿ, ಅಂದರೆ ಎಫೆಕ್ಟ್‌ನ ಲೆಕ್ಕ ಮುಗಿಸಿ ಸಿದ್ಧ ಮಾಡಿಟ್ಟುಕೊಳ್ಳಲಿ. ಪ್ರೀಮಿಯರ್‌ನಲ್ಲಿ ಟೈಮ್‌ಲೈನ್ ಮೇಲೆ ಕೆಂಪು ಗೆರೆ ಇದ್ದರೆ ಅದು ಭಾರ ಅಂತ ಅರ್ಥ. ಇನ್, ಔಟ್ ಗುರುತು ಹಾಕಿ ಎಂಟರ್ ಒತ್ತಿ. ಗೆರೆ ಹಸಿರಾದ ಮೇಲೆ ನೀಟಾಗಿ ಓಡುತ್ತದೆ. ರಿಸಾಲ್ವ್‌ನಲ್ಲಿ ಪ್ಲೇಬ್ಯಾಕ್ ಮೆನುವಿನಲ್ಲಿ ರೆಂಡರ್ ಕ್ಯಾಶ್ ಅನ್ನು ಸ್ಮಾರ್ಟ್‌ಗೆ ಇಡಿ. ನೀವು ಸುಮ್ನೆ ಕೂತಿದ್ದಾಗ ಅದೇ ಮಾಡಿಕೊಳ್ಳುತ್ತದೆ. ಕೆಂಪು ಗೆರೆ ನೀಲಿಯಾಗುತ್ತದೆ. ಕೆಡೆನ್‌ಲೈವ್‌ನಲ್ಲೂ ಟೈಮ್‌ಲೈನ್ ಪ್ರಿವ್ಯೂ ರೆಂಡರ್ ಇದೆ.

ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ ನಾಯ್ಸ್ ರಿಡಕ್ಷನ್ ಇಲ್ಲ, ಹಣ ಕೊಟ್ಟು ಕೊಳ್ಳುವ ಸ್ಟುಡಿಯೋದಲ್ಲಿ ಮಾತ್ರ. ಅದಿಲ್ಲ ಅಂತ ಬೇಸರ ಪಡಬೇಡಿ. ಕತ್ತಲ ಭಾಗವನ್ನು ಸ್ವಲ್ಪ ಇನ್ನೂ ಕಪ್ಪಿಗೆ ಇಳಿಸಿದರೆ ಅರ್ಧ ನಾಯ್ಸ್ ಕಣ್ಣಿಗೇ ಬೀಳುವುದಿಲ್ಲ. ಯಕ್ಷಗಾನಕ್ಕೆ ಆ ಕತ್ತಲು ಚೆನ್ನಾಗಿಯೇ ಒಪ್ಪುತ್ತದೆ.

ಡ್ರೋನ್ ಕ್ಲಿಪ್ ಬಂದ ಕಡೆ ಮಾತ್ರ ಲ್ಯಾಗ್ ಆಗುತ್ತದೆ. ಯಾಕೆ?

ಎರಡು ಕಾರಣ ಇರಬಹುದು. ಈಗಿನ ಹಲವು ಡ್ರೋನ್‌ಗಳು 4ಕೆ, 10 ಬಿಟ್, ಎಚ್.265ರಲ್ಲಿ ರೆಕಾರ್ಡ್ ಮಾಡುತ್ತವೆ. ಹಳೆಯ ಪ್ರೊಸೆಸರ್‌ಗಳಲ್ಲಿ ಅದನ್ನು ಬಿಚ್ಚುವ ಚಿಪ್ ಇರುವುದಿಲ್ಲ. ಇನ್ನೊಂದು, ಡ್ರೋನ್‌ನಲ್ಲಿ 60 ಫ್ರೇಮ್ ಇಟ್ಟಿರುತ್ತೀರಿ, ಟೈಮ್‌ಲೈನ್ 25 ಇರುತ್ತದೆ. 60ನ್ನು 25ಕ್ಕೆ ಸಮವಾಗಿ ಹಂಚಲು ಬರುವುದಿಲ್ಲ. ಜೋಗದ ಮೇಲೆ ಕ್ಯಾಮೆರಾ ನಿಧಾನಕ್ಕೆ ತಿರುಗುವಾಗ ಚಿತ್ರ ಕುಲುಕಿದಂತೆ ಕಾಣುತ್ತದೆ. ಅದು ಲ್ಯಾಗ್ ಅಲ್ಲ, ಎಕ್ಸ್‌ಪೋರ್ಟ್‌ನಲ್ಲೂ ಹಾಗೇ ಬರುತ್ತದೆ. 25ರ ಟೈಮ್‌ಲೈನ್‌ಗೆ 25 ಅಥವಾ 50ರಲ್ಲೇ ಶೂಟ್ ಮಾಡಿ. ನಮ್ಮ ಕರೆಂಟ್ 50 ಹರ್ಟ್ಸ್. ಮಂಟಪದ ಟ್ಯೂಬ್‌ಲೈಟ್ ಮಿನುಗದೆ ಬರಲೂ 25 ಫ್ರೇಮ್, 1/50 ಶಟರ್ ಒಳ್ಳೆಯದು.

ಸೋನಿ, ಕ್ಯಾನನ್ ಕ್ಯಾಮೆರಾಗಳಲ್ಲಿ 4:2:2 10 ಬಿಟ್ ಅಂತ, ಬಣ್ಣದ ವಿವರ ಜಾಸ್ತಿ ಬರೆದಿಡುವ ಒಂದು ಆಯ್ಕೆ ಇರುತ್ತದೆ. ಕಲರ್‌ಗೆ ಅದು ಒಳ್ಳೆಯದು, ಆದರೆ ಪ್ರಿವ್ಯೂಗೆ ತುಂಬಾ ಭಾರ. ಎನ್‌ವಿಡಿಯಾ ಕಾರ್ಡ್‌ಗಳಿಗೆ ಅದನ್ನು ಬಿಚ್ಚುವ ಶಕ್ತಿ ಬಂದಿದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಇಂಟೆಲ್‌ನ 11ನೇ ಪೀಳಿಗೆಯಿಂದ ಈಚಿನ ಗ್ರಾಫಿಕ್ಸ್ ಚಿಪ್ ಮತ್ತು ಆ್ಯಪಲ್‌ನ ಎಂ1 ಚಿಪ್ ಎಚ್.265ರ ಈ ಬಗೆಯನ್ನು ಅದಕ್ಕೂ ಮೊದಲೇ ಬಿಚ್ಚುತ್ತಿದ್ದವು.

ಫೋನ್‌ನಲ್ಲಿ ತೆಗೆದ ವಿಡಿಯೋದಲ್ಲಿ ತುಟಿಗೂ ಧ್ವನಿಗೂ ಹೊಂದುವುದಿಲ್ಲ.

ಫೋನ್‌ಗಳು ಫ್ರೇಮ್ ರೇಟನ್ನು ಒಂದೇ ಸಮ ಇಡುವುದಿಲ್ಲ. ಬೆಳಕು ಕಡಿಮೆಯಾದಾಗ ಇಳಿಸುತ್ತವೆ, ಆಮೇಲೆ ಏರಿಸುತ್ತವೆ. ಕೆಲವು ಎಡಿಟಿಂಗ್ ಆ್ಯಪ್‌ಗಳಿಗೆ ಇದು ಗೊಂದಲ. ಮೀಡಿಯಾಇನ್ಫೋ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಫೈಲ್ ತೆರೆದು ನೋಡಿ. ಫ್ರೇಮ್ ರೇಟ್ ಮೋಡ್ ಎದುರು ವೇರಿಯೇಬಲ್ ಅಂತಿದ್ದರೆ ಹ್ಯಾಂಡ್‌ಬ್ರೇಕ್‌ನಲ್ಲಿ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಆರಿಸಿ ಪರಿವರ್ತಿಸಿ. ಎಡಿಟ್ ಶುರು ಮಾಡುವ ಮೊದಲೇ ಮಾಡಬೇಕು. ನಡುವೆ ಬದಲಿಸಿದರೆ ಕಟ್‌ಗಳು ಜಾರುತ್ತವೆ.

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಿಂದಲೇ ಎಡಿಟ್ ಮಾಡಬಹುದಾ?

ಒಂದೇ ಕ್ಯಾಮೆರಾ ಆದರೆ ಮಾಡಬಹುದು. 100 ಮೆಗಾಬಿಟ್‌ನ ಫೈಲ್‌ಗೆ ಬೇಕಾಗಿರುವುದು ಸೆಕೆಂಡಿಗೆ 12.5 ಎಂಬಿ ಮಾತ್ರ. ತಿರುಗುವ ಡಿಸ್ಕ್ ಕೂಡ ಅಷ್ಟು ಕೊಡುತ್ತದೆ. ಮೂರು ಕ್ಯಾಮೆರಾದ ಮದುವೆ ಮಲ್ಟಿಕ್ಯಾಮ್ ಹಾಕಿದಾಗ ಕಥೆ ಬೇರೆ. ಡಿಸ್ಕ್‌ನ ಸೂಜಿ ಮೂರು ಫೈಲ್‌ಗಳ ನಡುವೆ ಓಡಾಡಬೇಕು. ಅಲ್ಲಿ ಎಸ್‌ಎಸ್‌ಡಿ ಬೇಕು. ಯುಎಸ್‌ಬಿ 2ರ ಪೋರ್ಟ್‌ಗೆ ಚುಚ್ಚಿದ್ದರೆ ಎಸ್‌ಎಸ್‌ಡಿ ಇದ್ದರೂ 30–40 ಎಂಬಿಗಿಂತ ಜಾಸ್ತಿ ಬರುವುದಿಲ್ಲ. ಪೆನ್‌ಡ್ರೈವ್‌ನಿಂದ, ಮೆಮೊರಿ ಕಾರ್ಡ್‌ನಿಂದ ನೇರವಾಗಿ ಎಡಿಟ್ ಮಾಡಬೇಡಿ. ಮದುವೆಯ ಫೈಲ್ ಹೋದರೆ ಮತ್ತೆ ತೆಗೆಯಲು ಆಗುವುದಿಲ್ಲ.

ಹಣ ಸ್ವಲ್ಪವೇ ಇದ್ದರೆ ಸಣ್ಣ ಎಸ್‌ಎಸ್‌ಡಿ ಕೊಳ್ಳಿ. ಪ್ರಾಕ್ಸಿ ಮತ್ತು ಕ್ಯಾಶ್ ಅದರಲ್ಲಿ, ಮೂಲ ಫೈಲ್‌ಗಳು ಹಳೆಯ ಡಿಸ್ಕ್‌ನಲ್ಲಿ.

ಮಳೆಗಾಲದಲ್ಲಿ ಕರೆಂಟ್ ಹೋದಾಗ ಲ್ಯಾಪ್‌ಟಾಪ್ ನಿಧಾನವಾಗುತ್ತದೆ. ಬ್ಯಾಟರಿ ಫುಲ್ ಇದ್ದರೂ.

ಅದು ಹಾಗೇ ಇರುವುದು. ಚಾರ್ಜರ್ ತೆಗೆದ ಕೂಡಲೇ ಲ್ಯಾಪ್‌ಟಾಪ್ ಪ್ರೊಸೆಸರ್‌ಗೂ ಗ್ರಾಫಿಕ್ಸ್ ಚಿಪ್‌ಗೂ ಕೊಡುವ ವಿದ್ಯುತ್ ಇಳಿಸುತ್ತದೆ. ಪವರ್ ಮೋಡನ್ನು ಬೆಸ್ಟ್ ಪರ್ಫಾರ್ಮೆನ್ಸ್‌ಗೆ ಇಟ್ಟರೆ ಕೊಂಚ ಸುಧಾರಿಸುತ್ತದೆ, ಪೂರ್ತಿ ಅಲ್ಲ. ಆಗುಂಬೆ, ಹೊಸನಗರದ ಕಡೆ ಆಷಾಢದ ಮಳೆಯಲ್ಲಿ ಗಂಟೆಗಟ್ಟಲೆ ಕರೆಂಟ್ ಇರುವುದಿಲ್ಲ. ಅಲ್ಲಿರುವವರು ಬಿಸಿಲಿನ ದಿನ, ಕರೆಂಟ್ ಇದ್ದಾಗಲೇ ಪ್ರಾಕ್ಸಿ ಮಾಡಿಟ್ಟುಕೊಳ್ಳಿ. ಬ್ಯಾಟರಿಯಲ್ಲಿ ಕೂತು ಕಟಿಂಗ್ ಮಾಡಲು ಪ್ರಾಕ್ಸಿ ಧಾರಾಳ ಸಾಕು. ಕಲರ್, ಎಕ್ಸ್‌ಪೋರ್ಟ್ ಕರೆಂಟ್ ಬಂದ ಮೇಲೆ. ಆಟೋಸೇವ್ ಐದು ನಿಮಿಷಕ್ಕೆ ಇಡಿ.

ಮೊದಲ ಹತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ನಿಧಾನವಾಗುತ್ತಿದ್ದರೆ ಅದು ಬಿಸಿ. ಚಳಿಗೆ ಕಂಬಳಿ ಮೇಲೆ, ಹಾಸಿಗೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುವವರು ಜಾಸ್ತಿ. ಗಾಳಿ ಹೋಗುವ ಕಿಂಡಿ ಮುಚ್ಚುತ್ತದೆ. ಹೊರಗೆ ಎಷ್ಟೇ ತಂಪಿದ್ದರೂ ಒಳಗೆ ಚಿಪ್ ಕಾಯುತ್ತದೆ, ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಗಟ್ಟಿ ಮೇಜಿನ ಮೇಲಿಡಿ. ಫ್ಯಾನಿನ ಧೂಳು ವರ್ಷಕ್ಕೊಮ್ಮೆ ತೆಗೆಸಿ.

ನಮ್ಮೂರಲ್ಲಿ ನೆಟ್ ಸ್ಲೋ. ಅದಕ್ಕೇ ಲ್ಯಾಗ್ ಇರಬಹುದಾ?

ಫೈಲ್ ನಿಮ್ಮ ಡಿಸ್ಕ್‌ನಲ್ಲಿದ್ದರೆ ನೆಟ್‌ಗೂ ಪ್ರಿವ್ಯೂಗೂ ಸಂಬಂಧ ಇಲ್ಲ. ಬ್ರೌಸರ್‌ನಲ್ಲಿ ಎಡಿಟ್ ಮಾಡುವವರಿಗೆ ಮಾತ್ರ ಸಂಬಂಧ. ಒಂದು ವಿಷಯ ನೋಡಿ: ಡೆಸ್ಕ್‌ಟಾಪ್ ಫೋಲ್ಡರ್ ಒನ್‌ಡ್ರೈವ್‌ಗೆ ಸಿಂಕ್ ಆಗುತ್ತಿದ್ದರೆ ವಿಡಿಯೋಗಳನ್ನು ಅಲ್ಲಿಡಬೇಡಿ.

ಮದುವೆ ಫೋಟೋಗಳ ಸ್ಲೈಡ್‌ಶೋ ಯಾಕೆ ವಿಡಿಯೋಗಿಂತ ನಿಧಾನ?

24 ಮೆಗಾಪಿಕ್ಸೆಲ್ ಫೋಟೋ 4ಕೆ ಫ್ರೇಮ್‌ಗಿಂತ ಸುಮಾರು ಮೂರು ಪಟ್ಟು ದೊಡ್ಡದು. ಅಗಲ 3840ಕ್ಕೆ ಇಳಿಸಿ ಹಾಕಿ. ಜೂಮ್ ಮಾಡದ ಫುಲ್ ಎಚ್‌ಡಿ ವಿಡಿಯೋಗೆ 1920 ಸಾಕು.

ಫೋನ್‌ನಲ್ಲೇ ಎಡಿಟ್ ಮಾಡುತ್ತೇನೆ. ನನಗೂ ಇದೆಲ್ಲ ಅನ್ವಯಿಸುತ್ತದಾ?

ಮೂಲ ಕಾರಣ ಅದೇ. ಫೋನ್‌ನ ಚಿಪ್ ಒಟ್ಟಿಗೆ ಇಂತಿಷ್ಟೇ ವಿಡಿಯೋಗಳನ್ನು ಬಿಚ್ಚಬಲ್ಲದು. ಒಂದರ ಮೇಲೊಂದು ಮೂರು ನಾಲ್ಕು ವಿಡಿಯೋ ಲೇಯರ್ ಹಾಕಿದರೆ ನಿಲ್ಲುತ್ತದೆ. ರೀಲ್ಸ್‌ಗಾದರೆ 4ಕೆ ಬೇಡ, ಫುಲ್ ಎಚ್‌ಡಿಯಲ್ಲೇ ಶೂಟ್ ಮಾಡಿ. ಸ್ಟೋರೇಜ್ ಪೂರ್ತಿ ತುಂಬಲು ಬಿಡಬೇಡಿ. ಚಾರ್ಜಿಗೆ ಹಾಕಿಕೊಂಡು ಎಡಿಟ್ ಮಾಡಿದರೆ ಫೋನ್ ಇನ್ನೂ ಬೇಗ ಕಾಯುತ್ತದೆ.

ಎಲ್ಲ ಮಾಡಿ ನೋಡಿದೆ. ಹೊಸ ಕಂಪ್ಯೂಟರ್ ಕೊಳ್ಳಲೇಬೇಕು. ಏನು ನೋಡಲಿ?

ಅಂಗಡಿಯಲ್ಲಿ ಅಸೆಂಬಲ್ ಮಾಡಿಸುವವರು ಒಂದನ್ನು ಗಮನಿಸಿ. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ ಎಫ್ ಅಕ್ಷರ ಇದ್ದರೆ, ಉದಾಹರಣೆಗೆ 12400ಎಫ್, ಅದರಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ. ಬೆಲೆ ಕಡಿಮೆ ಅಂತ ಅದನ್ನೇ ತೋರಿಸುತ್ತಾರೆ. ಗೇಮ್ ಆಡುವವರಿಗೆ ಸರಿ. ನಮಗೆ ಆ ಒಳಗಿನ ಗ್ರಾಫಿಕ್ಸ್‌ನಲ್ಲೇ ಕ್ವಿಕ್ ಸಿಂಕ್ ಎಂಬ ವಿಡಿಯೋ ಬಿಚ್ಚುವ ಚಿಪ್ ಇದೆ. ಸ್ವಲ್ಪ ಹಣ ಉಳಿಸಲು ಹೋಗಿ ಅದನ್ನು ಕಳೆದುಕೊಳ್ಳಬೇಡಿ. ಗ್ರಾಫಿಕ್ಸ್ ಕಾರ್ಡ್ ಬೇರೆ ಹಾಕಿಸಿದರೂ ಬಯೋಸ್‌ನಲ್ಲಿ (ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್‌ನಲ್ಲಿ) ಒಳಗಿನದು ಆನ್ ಇರಲಿ. ರ್‍ಯಾಮ್ ಫುಲ್ ಎಚ್‌ಡಿಗೆ 16 ಜಿಬಿ, 4ಕೆಗೆ 32. ಒಂದೇ ಕಡ್ಡಿಗಿಂತ ಎರಡು ಕಡ್ಡಿ ಒಳ್ಳೆಯದು. ಅಂಗಡಿಗೆ ಹೋಗುವಾಗ ನಿಮ್ಮದೇ ಕ್ಯಾಮೆರಾದ ಎರಡು ಮೂರು ಫೈಲ್ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಅಲ್ಲೇ ಡಿಸ್ಕ್‌ಗೆ ಹಾಕಿಸಿ, ಓಡಿಸಿ ನೋಡಿ, ಆಮೇಲೆ ದುಡ್ಡು ಕೊಡಿ.

ಪ್ರೀಮಿಯರ್‌ನಲ್ಲಿ ಪ್ಲೇ ಒತ್ತಿದ ಮೇಲೆ ಒಂದೆರಡು ಸೆಕೆಂಡ್ ತಡವಾಗಿ ಶುರುವಾಗುತ್ತದೆ.

ಆಡಿಯೋ ಹಾರ್ಡ್‌ವೇರ್ ಸೆಟ್ಟಿಂಗ್‌ಗೆ ಹೋಗಿ. ಡಿಫಾಲ್ಟ್ ಇನ್‌ಪುಟ್‌ನಲ್ಲಿ ಮೈಕ್ ಇದ್ದರೆ ನೋ ಇನ್‌ಪುಟ್ ಮಾಡಿ. ಬ್ಲೂಟೂತ್ ಹೆಡ್‌ಫೋನ್ ತೆಗೆದು ವೈರ್‌ದು ಹಾಕಿ.

ಕ್ಯಾಶ್, ಪ್ರಾಕ್ಸಿ ಫೈಲ್‌ಗಳಿಂದ ಡಿಸ್ಕ್ ತುಂಬಿದೆ. ಅಳಿಸಬಹುದಾ?

ಕ್ಯಾಶ್ ಯಾವಾಗ ಬೇಕಾದರೂ ಅಳಿಸಿ, ಬೇಕಿದ್ದರೆ ಆ್ಯಪ್ ಮತ್ತೆ ಮಾಡಿಕೊಳ್ಳುತ್ತದೆ. ಪ್ರೀಮಿಯರ್‌ನಲ್ಲಿ ಮೀಡಿಯಾ ಕ್ಯಾಶ್ ಸೆಟ್ಟಿಂಗ್‌ನಿಂದ, ರಿಸಾಲ್ವ್‌ನಲ್ಲಿ ಪ್ಲೇಬ್ಯಾಕ್ ಮೆನುವಿನ ಡಿಲೀಟ್ ರೆಂಡರ್ ಕ್ಯಾಶ್‌ನಿಂದ ಅಳಿಸಬೇಕು. ಪ್ರಾಕ್ಸಿಯನ್ನು ಮಾತ್ರ ಗಿರಾಕಿ ಪೂರ್ತಿ ವಿಡಿಯೋ ನೋಡಿ ಒಪ್ಪುವ ತನಕ ಇಟ್ಟುಕೊಳ್ಳಿ. ನಮ್ಮ ಕಡೆ ಮದುವೆ ಮನೆಯವರು ಸೋದರಮಾವ ಎಲ್ಲೂ ಕಾಣಲಿಲ್ಲ ಅಂತ ತಿಂಗಳ ಮೇಲೆ ಫೋನ್ ಮಾಡುತ್ತಾರೆ. ಅಳಿಸುವ ಮೊದಲು ಫೋಲ್ಡರ್ ತೆರೆದು, ಅದು ಪ್ರಾಕ್ಸಿಯೇ ಹೌದಾ, ಮೂಲ ಫೈಲ್ ಇನ್ನೆರಡು ಕಡೆ ಇದೆಯಾ ಅಂತ ನೋಡಿಕೊಂಡು ಆಮೇಲೆ ಡಿಲೀಟ್ ಒತ್ತಿ.